ಗಾಳಿಯ ಮೇಲೆ ಹಾಕಬೇಡಿ

ಪತ್ರ: ನನ್ನ ಮಗಳು ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ಹೋದ ವಾರ ಒಬ್ಬಳೇ ಮೇಲೇರುವಾಗ ಎಡಗಡೆಯಿಂದ ಗಾಳಿ ಹೊಡೆದು ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯಿತು. ಮುಂದಿನ ಚಕ್ರ ಮುರಿಯಿತು. ಅವಳಿಗೆ ಒಂದು ಗೀರೂ ಆಗಿಲ್ಲ. ‘ಕೈ ಬೇಗ ಸಡಿಲ ಬಿಟ್ಟೆ ಅಪ್ಪಾ’ ಅನ್ನುತ್ತಾಳೆ. ನೆಂಟರು, ಎಲ್ಲಾ ಗಾಳಿಯದೇ ತಪ್ಪು ಅಂತ ಬರೆದುಕೊಡಲಿ ಅನ್ನುತ್ತಾರೆ. ಏನು ಮಾಡಲಿ?
– ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ

ಉತ್ತರ: ‘ಒಂದು ಗೀರೂ ಆಗಿಲ್ಲ’ ಅನ್ನುವ ಸಾಲು ಬರುವವರೆಗೆ ಉಸಿರು ಬಿಗಿಹಿಡಿದೇ ಓದಿದೆ. ಈಗ ಸಮಾಧಾನವಾಗಿದೆ.

ಈ ಗಾಳಿ ನಿಮಗೆ ಹೊಸದಲ್ಲ. ಆಷಾಢದಲ್ಲಿ ಟಿವಿಎಸ್ ಮೇಲೆ ಸೊಪ್ಪಿನ ಹೊರೆ ಕಟ್ಟಿಕೊಂಡು ಬರುವಾಗ ಗಾಳಿ ಬರುವ ಕಡೆಗೇ ಮೈ ವಾಲಿಸುತ್ತೀರಿ, ಅಲ್ವಾ? ನೀಲಗಿರಿ ತೋಪಿನ ಮರೆಗೆ ಬಂದರೆ ಗಾಳಿ ತಟ್ಟನೆ ನಿಂತು, ಗಾಡಿ ವಾಲಿದ ಕಡೆಗೇ ಎಳೆಯುತ್ತದೆ. ತೋಪು ದಾಟಿದ ಕೂಡಲೇ ಮತ್ತೆ ಹೊಡೆತ. ಮಗಳು ಕಲಿಯುತ್ತಿರುವುದೂ ಇದನ್ನೇ, ಇನ್ನೂ ಜಾಸ್ತಿ ವೇಗದಲ್ಲಿ.

ಅಡ್ಡಗಾಳಿ ಬಾಲಕ್ಕೆ ತಾಗಿದರೆ ವಿಮಾನದ ಮೂತಿ ಗಾಳಿಯತ್ತ ತಿರುಗುತ್ತದೆ. ಎಡಗಾಳಿಯಾದರೆ ಕಷ್ಟ ಇನ್ನೂ ಹೆಚ್ಚು. ಥ್ರಾಟಲ್, ಅಂದರೆ ಎಂಜಿನ್ ಶಕ್ತಿ ಏರಿಸಿ ಇಳಿಸುವ ಹಿಡಿಕೆ, ಪೂರ್ತಿ ಕೊಟ್ಟಾಗ ಪ್ರೊಪೆಲ್ಲರ್ ಕೂಡ ಸಾಮಾನ್ಯವಾಗಿ ಎಡಕ್ಕೇ ಎಳೆಯುತ್ತದೆ. ಬಲಗಾಲಿನ ಪೆಡಲ್ ಒತ್ತಿ ನೇರ ಇಡಬೇಕು. ಎಡರೆಕ್ಕೆ ಏಳದ ಹಾಗೆ ಕೈಯಲ್ಲಿರುವ ಕಂಟ್ರೋಲ್ ಎಡಕ್ಕೆ ಪೂರ್ತಿ ತಿರುಗಿಸಿರಬೇಕು, ವೇಗ ಏರಿದ ಹಾಗೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ನೆಲ ಬಿಡುವ ಮುಂಚಿನ ಕೆಲವು ಸೆಕೆಂಡುಗಳೇ ನಾಜೂಕು. ರೆಕ್ಕೆ ಆಗಲೇ ಭಾರ ಹೊರಲು ಶುರು ಮಾಡಿರುತ್ತದೆ, ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತಿರುತ್ತದೆ. ಆಗ ಕೈ ಸಡಿಲವಾದರೆ ವಿಮಾನ ಪಕ್ಕಕ್ಕೆ ಜಾರುತ್ತದೆ. ಮೂತಿ ನೇರಕ್ಕೆ ಬರದಿದ್ದರೆ ಥ್ರಾಟಲ್ ಹಿಂದಕ್ಕೆಳೆದು ನಿಲ್ಲಿಸಬೇಕು. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ಅವಳು ಯಾವಾಗ ಎಳೆದಳು ಅಂತ ಕೇಳಿ.

ಹಾಗಂತ ಎಲ್ಲವೂ ಅವಳ ತಲೆಗೇ ಬರಬಾರದು. ಕಲಿಯುವವರು ಹೆಚ್ಚಾಗಿ ಹಾರಿಸುವ ಸೆಸ್ನಾ 172ಎಸ್ ಕೈಪಿಡಿಯಲ್ಲಿ ಅಡ್ಡಗಾಳಿಗೆ 15 ನಾಟ್ ಅಂತಿದೆ, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಅದು ವಿಮಾನವನ್ನು ಪರೀಕ್ಷಿಸಿದಾಗ ನಿಭಾಯಿಸಿ ತೋರಿಸಿದ ಲೆಕ್ಕ. ಕಲಿಯುವ ಹುಡುಗಿಗೆ ಅಷ್ಟು ಗಾಳಿ ಜಾಸ್ತಿಯೇ. ಆ ದಿನ ಗಾಳಿ ಎಷ್ಟಿತ್ತು, ಒಬ್ಬಳನ್ನೇ ಯಾರು ಕಳಿಸಿದರು, ಅದನ್ನೂ ಬರೆಯಲಿ.

ನೆಂಟರ ಮಾತು ಮಾತ್ರ ಕೇಳಬೇಡಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಅಪಘಾತದ ತನಿಖೆ ಇರುವುದು ಮುಂದೆ ಹೀಗಾಗದಂತೆ ತಡೆಯಲು, ತಪ್ಪು ಹೊರಿಸಲು ಅಲ್ಲ. ನಮ್ಮಲ್ಲಿ 2012ರಿಂದ ಅದಕ್ಕೆಂದೇ ಪ್ರತ್ಯೇಕ ಬ್ಯೂರೋ ಇದೆ. ನಿಜ ಬರೆದರೆ ಕೆಲವು ದಿನ ಹಾರಾಟ ನಿಲ್ಲಬಹುದು, ಮತ್ತೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂರಬೇಕಾಗಬಹುದು. ಆಗಲಿ ಬಿಡಿ. ಸುಮ್ನೆ ‘ಗಾಳಿ ಹೊಡೆಯಿತು’ ಅಂತ ಬರೆದರೆ, ಅವಳ ಕೈಗೆ ಏನು ತಿದ್ದಿಕೊಡಬೇಕು ಅಂತ ಕಲಿಸುವವರಿಗೆ ಹೇಗೆ ಗೊತ್ತಾಗಬೇಕು?

ಇವತ್ತು ರಾತ್ರಿ ಅವಳ ಕೈಗೊಂದು ಊಟದ ತಟ್ಟೆ ಕೊಡಿ, ಅದೇ ವಿಮಾನದ ಕಂಟ್ರೋಲ್ ಅಂದುಕೊಳ್ಳಲಿ. ಆ ಹೊತ್ತಿನಲ್ಲಿ ಕೈ ಎಷ್ಟು ತಿರುಗಿತ್ತು, ಕಾಲು ಎಲ್ಲಿತ್ತು, ತೋರಿಸಲಿ. ನೆನಪು ಹಸಿಯಾಗಿರುವಾಗಲೇ ಅದನ್ನು ಹಾಗೇ ಬರೆಯಲಿ.