ಹಂಪಿಯ ಸೂಳೆಬಜಾರು: ದೇವರ ಎದುರಿಗೇ ಅಂಥ ಬೀದಿ ಇತ್ತೇ?

ಹಂಪಿಯ ಅಚ್ಯುತರಾಯ ದೇವಸ್ಥಾನದ ಮುಂದಿನ ಬೀದಿಗೆ ಗೈಡು 'ಸೂಳೆಬಜಾರು' ಅಂದರಂತೆ, ದೇವರ ಎದುರಿಗೇ ಅಂಥ ಬೀದಿ ಹೇಗೆ ಬಂತು ಎಂದು ಕೇಳಿದ್ದೀರಿ. ನಾನು ತುಮಕೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವನು. ಟೂರಿಗೆ ಕರೆದುಕೊಂಡು ಹೋದಾಗಲೆಲ್ಲ ಮಕ್ಕಳು ಆ ಹೆಸರು ಕೇಳಿ ಕಿಸಕ್ಕನೆ ನಗೋರು, ಆಮೇಲೆ ಮೆಲ್ಲಗೆ ಇದೇ ಪ್ರಶ್ನೆ ಕೇಳೋರು.

ಇಲ್ಲಿ ಎರಡು ಬೀದಿಗಳ ಕಥೆ ಕಲಸಿಹೋಗಿದೆ. 1443ರಲ್ಲಿ, ಇಮ್ಮಡಿ ದೇವರಾಯನ ಕಾಲಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಟಂಕಸಾಲೆಯ ಹಿಂದಿದ್ದ ಬೀದಿಯೊಂದನ್ನು ವರ್ಣಿಸಿದ್ದಾನೆ. ಎರಡೂ ಬದಿಯ ಮನೆಗಳ ಮುಂದೆ ಹುಲಿ, ಸಿಂಹದ ಚಿತ್ರಗಳು. ಮಧ್ಯಾಹ್ನ ಇಳಿದ ಮೇಲೆ ಹೆಂಗಸರು ಒಡವೆ ಇಟ್ಟುಕೊಂಡು ಬಾಗಿಲಲ್ಲಿ ಪೀಠ ಹಾಕಿ ಕೂರುತ್ತಿದ್ದರು. ಊರಿನ 12,000 ಕಾವಲುಗಾರರಿಗೆ ದಿನಕ್ಕೆ 12,000 ಹಣ ಸಂಬಳ, ಅದಷ್ಟೂ ಈ ಮನೆಗಳ ಗಳಿಕೆಯಿಂದಲೇ ಅನ್ನುತ್ತಾನೆ. (ಹಣ ಅಂದರೆ ಆಗಿನ ಚಿಕ್ಕ ಚಿನ್ನದ ನಾಣ್ಯ.) ಲೆಕ್ಕ ಉಬ್ಬಿಸಿದ್ದಾನೆ ಅಂತಲೇ ಇಟ್ಟುಕೊಳ್ಳಿ. ಆದರೂ ಆ ಹೆಂಗಸರ ಮೈ ದುಡಿದದ್ದು ರಾಜ್ಯದ ಬೊಕ್ಕಸಕ್ಕೆ ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನೀವು ನಿಂತಿದ್ದ ಬೀದಿ ಅದಲ್ಲ. ಆ ದೇವಸ್ಥಾನ ಎದ್ದದ್ದೇ 1534ರಲ್ಲಿ. ಅದು ತೇರುಬೀದಿ, ಕಂಬಸಾಲಿನ ಅಂಗಡಿ ಬೀದಿ. ಇನ್ನು ಆ ಹೆಸರಿನ ಮಾತು. ನಮ್ಮ ಹಳೆಯ ಶಾಸನಗಳಲ್ಲಿ 'ಸೂಳೆ' ಅನ್ನುವುದು ಬೈಗುಳವಲ್ಲ, ದೇವಸ್ಥಾನದ ಸೇವೆಯಲ್ಲಿದ್ದ ಹೆಣ್ಣಿನ ಹೆಸರು. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪಾಯಸ್, ದೇವಸ್ಥಾನದ ಹೆಂಗಸರ ಮನೆಗಳು ಊರಿನ ಒಳ್ಳೊಳ್ಳೆ ಬೀದಿಗಳಲ್ಲೇ ಇದ್ದವು, ರಾಣಿಯರ ಜೊತೆ ಕೂತು ಎಲೆಅಡಿಕೆ ಹಾಕುವ ಸಲಿಗೆ ಅವರಿಗಿತ್ತು ಎಂದು ಬರೆದಿದ್ದಾನೆ. ಅದಕ್ಕೂ ಎಂಟು ಶತಮಾನ ಹಿಂದೆ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ, ವಿನಾಪೋಟಿ ಎಂಬ ಸೂಳೆ, ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿ ಕೊಡೆ ಕೊಟ್ಟದ್ದು ಕಲ್ಲಿನಲ್ಲಿದೆ. ಹಾಗಂತ ಅವರೆಲ್ಲ ಸುಖವಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಮಗುವಾಗಿದ್ದಾಗಲೇ ದೇವರಿಗೆ ಬಿಟ್ಟವಳನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ.

ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಈ ಸೇವೆಯನ್ನು ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ. ಆದರೆ ಅಂಥ ಮನೆಯ ಒಬ್ಬಾಕೆ ಗುಬ್ಬಿ ಕಡೆಯ ನಮ್ಮಜ್ಜಿಯ ಊರಲ್ಲಿದ್ದರಂತೆ. ದೇವರನ್ನೇ ಮದುವೆಯಾದವಳು ಎಂದೂ ವಿಧವೆಯಾಗಳು, ನಿತ್ಯಸುಮಂಗಲಿ ಅಂತ ಮದುವೆಮನೆಗಳಲ್ಲಿ ತಾಳಿಗೆ ಕರಿಮಣಿ ಪೋಣಿಸೋಕೆ ಅವರನ್ನೇ ಕರೆಯೋರು. ಪೋಣಿಸಿ ಮುಗಿದ ಮೇಲೆ ಊಟದ ಎಲೆ ಮಾತ್ರ ಹಿತ್ತಿಲ ಜಗಲಿಯಲ್ಲಿ. ಅಜ್ಜಿಯ ತಾಳಿಗೂ ಮಣಿ ಪೋಣಿಸಿದ್ದು ಅವರೇ.