ಟಿವಿ ನಿಂತಿತೆಂದು ಫೈರ್‌ವಾಲ್ ತೆಗೆಯಬೇಡ

ಅಕ್ಕ ಅಂತ ಕರೆದು ಕೇಳಿದ್ದೀಯ, ಅದಕ್ಕೇ ಏಕವಚನದಲ್ಲೇ ಬರೆಯುತ್ತಿದ್ದೇನೆ ತಮ್ಮಾ. ಸ್ಟುಟ್‌ಗಾರ್ಟ್‌ನಲ್ಲಿ ಮನೆ ಸಿಕ್ಕಿದೆ, ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರಿಗೆ ನಿನ್ನದೇ ಇನ್ನೊಂದು ರೂಟರ್ ಜೋಡಿಸಿದ್ದೀಯ. ಟಿವಿ ಚಾನೆಲ್ ಚೆನ್ನಾಗಿ ಶುರುವಾಗಿ, ನಾಲ್ಕು ನಿಮಿಷ ದಾಟುತ್ತಿದ್ದಂತೆ ಚಿತ್ರ ನಿಲ್ಲುತ್ತದೆ. ಚಾನೆಲ್ ಬದಲಿಸಿದರೆ ಮತ್ತೆ ಬರುತ್ತದೆ. ಆಫೀಸಿನ ಗೆಳೆಯ, ಹೊರಗಿನಿಂದ ಬರುವ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲನ್ನೇ ಆಫ್ ಮಾಡು ಅಂದಿದ್ದಾನೆ. ಜೊತೆಗೆ ರೂಮ್‌ಮೇಟ್‌ಗೆ ವೈಫೈ ಕೊಡಬೇಕು, ಹಾಸನದಲ್ಲಿ ಅಪ್ಪ ಅಮ್ಮ ಇರುವ ಮನೆಯ ಕ್ಯಾಮೆರಾವನ್ನು ಇಲ್ಲಿಂದ ನೋಡಬೇಕು.

ಗೆಳೆಯನ ಮಾತು ಕೇಳಬೇಡ. ಆ ನಾಲ್ಕು ನಿಮಿಷದಲ್ಲೇ ನಿನ್ನ ತೊಂದರೆಯ ಗುಟ್ಟಿದೆ.

ನಿನ್ನ ಐಪಿಟಿವಿ, ಅಂದರೆ ಇಂಟರ್‌ನೆಟ್ ಸಂಪರ್ಕದಲ್ಲೇ ಬರುವ ಟಿವಿ, ಬರುತ್ತಿರುವುದು ಮಲ್ಟಿಕಾಸ್ಟ್‌ನಲ್ಲಿ. ಅಂದರೆ ಒಂದು ಚಾನೆಲ್‌ಗೆ ಒಂದೇ ಹರಿವು. ಬೇಕಾದವರು ಆ ಗುಂಪಿಗೆ ಸೇರಿಕೊಳ್ಳುತ್ತಾರೆ. ಸೇರುವುದು, ಬಿಡುವುದು ಎಲ್ಲ ಐಜಿಎಂಪಿ ಎಂಬ ಪ್ರೋಟೋಕಾಲ್‌ನ ಕೆಲಸ. ಒಮ್ಮೆ ಸೇರಿದರೆ ಸಾಲದು. ಕಂಪನಿಯ ಕಡೆಯ ರೂಟರ್ ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ 'ಈ ಚಾನೆಲ್ ಇನ್ನೂ ಯಾರಿಗಾದರೂ ಬೇಕಾ?' ಎಂದು ಕೇಳುತ್ತದೆ. 260 ಸೆಕೆಂಡಿನೊಳಗೆ ಯಾರೂ ಉತ್ತರಿಸದಿದ್ದರೆ ಹರಿವು ನಿಲ್ಲಿಸುತ್ತದೆ. 260 ಸೆಕೆಂಡೆಂದರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ನೀನು ಚಾನೆಲ್ ಹಾಕಿದಾಗ ಕೋರಿಕೆ ಹೊರಗೆ ಹೋಗುತ್ತಿದೆ, ಆದರೆ ಆಮೇಲೆ ಬರುವ ಪ್ರಶ್ನೆಯನ್ನು ಎರಡನೇ ರೂಟರಿನ ಫೈರ್‌ವಾಲ್ ಬಾಗಿಲಲ್ಲೇ ತಡೆಯುತ್ತಿದೆ. ಬಹುಮಟ್ಟಿಗೆ ಇಷ್ಟೇ ವಿಷಯ.

ಸುಲಭದ ದಾರಿ: ಟಿವಿ ಬಾಕ್ಸನ್ನು ಕೇಬಲ್ ಹಾಕಿ ನೇರವಾಗಿ ಕಂಪನಿಯ ರೂಟರಿಗೇ ಚುಚ್ಚು. ಇಲ್ಲವೇ ನಿನ್ನ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕು, ಆಗ ಅದು ರೂಟರ್ ಕೆಲಸ ಬಿಟ್ಟು ಬರೀ ವೈಫೈ ಹಂಚುತ್ತದೆ. ಒಂದು ಮನೆಗೆ ಎರಡೆರಡು ನ್ಯಾಟ್ (ಮನೆಯ ಸಾಧನಗಳೆಲ್ಲ ಒಂದೇ ಹೊರವಿಳಾಸ ಹಂಚಿಕೊಳ್ಳುವ ಏರ್ಪಾಡು) ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎರಡೂ ರೂಟರ್ ಹಾಗೇ ಇರಬೇಕು ಅನ್ನುವುದಾದರೆ, ನಿನ್ನ ರೂಟರಿನಲ್ಲಿ, ಟಿವಿಯ ಪರವಾಗಿ ಆ ಪ್ರಶ್ನೆಗೆ ಉತ್ತರಿಸುವ ಐಜಿಎಂಪಿ ಪ್ರಾಕ್ಸಿ ಆನ್ ಮಾಡು, ಆವೃತ್ತಿ 3 ಆರಿಸು. ಫೈರ್‌ವಾಲ್‌ನಲ್ಲಿ ಎರಡೇ ನಿಯಮ ಸೇರಿಸು: ಹೊರಗಿನಿಂದ ಬರುವ ಐಜಿಎಂಪಿಗೆ ಅನುಮತಿ, 224.0.0.0/4 ವಿಳಾಸಗಳಿಗೆ ಬರುವ ಯುಡಿಪಿಗೆ (ಟಿವಿಯ ಚಿತ್ರ ಬರುವುದು ಇದರಲ್ಲೇ) ಅನುಮತಿ. ಉಳಿದದ್ದೆಲ್ಲ ಮುಚ್ಚಿಯೇ ಇರಲಿ. ಯಾವ ಪೋರ್ಟಿಗೆ ಯಾವ ಚಾನೆಲ್ ಬೇಕೆಂದು ಗಮನಿಸುವ ಐಜಿಎಂಪಿ ಸ್ನೂಪಿಂಗ್ ಆನ್ ಇರಲಿ. ಅದಿಲ್ಲದಿದ್ದರೆ ಟಿವಿಯ ಹರಿವು ಮನೆಯ ಎಲ್ಲ ಪೋರ್ಟ್‌ಗಳಿಗೂ, ವೈಫೈಗೂ ನುಗ್ಗುತ್ತದೆ. ವೈಫೈಯಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಅತಿ ನಿಧಾನದ ವೇಗದಲ್ಲಿ ಹೋಗುವುದರಿಂದ ಒಂದು ಚಾನೆಲ್ ಸಾಕು, ಇಡೀ ಮನೆಯ ವೈಫೈ ತೆವಳುವುದಕ್ಕೆ. ರೂಟರಿನಲ್ಲಿ ಮಲ್ಟಿಕಾಸ್ಟನ್ನು ಯುನಿಕಾಸ್ಟ್‌ಗೆ, ಅಂದರೆ ಬೇಕಾದ ಸಾಧನಕ್ಕೆ ಮಾತ್ರ ಕಳಿಸುವಂತೆ, ಬದಲಿಸುವ ಆಯ್ಕೆ ಇದ್ದರೆ ಅದನ್ನೂ ಹಾಕು.

ಫೈರ್‌ವಾಲ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಲ್ಲಿನ ಸಂಪರ್ಕಗಳಲ್ಲಿ ಐಪಿ ವಿ6 ಎಂಬ ಹೊಸ ವಿಳಾಸ ಪದ್ಧತಿ ಸಾಮಾನ್ಯ. ಅದರಲ್ಲಿ ನ್ಯಾಟ್‌ನ ಮರೆ ಇಲ್ಲ. ನಿನ್ನ ಟಿವಿ, ಪ್ರಿಂಟರ್, ಕ್ಯಾಮೆರಾ ಒಂದೊಂದಕ್ಕೂ ಜಗತ್ತಿಗೆ ಕಾಣುವ ವಿಳಾಸ ಸಿಗುತ್ತದೆ. ಕಾಯುವುದು ಫೈರ್‌ವಾಲ್ ಒಂದೇ. 2016ರ ನವೆಂಬರ್ ಕೊನೆಯಲ್ಲಿ ಇದೇ ದೇಶದಲ್ಲಿ ಸುಮಾರು 9 ಲಕ್ಷ ಡಾಯ್ಚ ಟೆಲಿಕಾಮ್ ಗ್ರಾಹಕರ ಸಂಪರ್ಕ ಕೆಟ್ಟಿತ್ತು. ಮಿರಾಯ್ ಎಂಬ ಕುತಂತ್ರಾಂಶದ ಒಂದು ರೂಪ, ರೂಟರ್‌ಗಳ ದೂರನಿರ್ವಹಣೆಯ 7547ನೇ ಪೋರ್ಟನ್ನು, ಅಂದರೆ ಸಂಖ್ಯೆಯಿಂದ ಗುರುತಿಸುವ ಬಾಗಿಲನ್ನು, ತಟ್ಟಿದ್ದೇ ಅದಕ್ಕೆ ಕಾರಣ. ಹಾಗಾಗಿ ಹೊರಗಿನಿಂದ ರೂಟರ್ ನಿರ್ವಹಿಸುವ ಆಯ್ಕೆಯನ್ನು ನಿನ್ನ ರೂಟರಿನಲ್ಲಿ ಮುಚ್ಚು. ಯುಪಿಎನ್‌ಪಿ ಮೂಲಕ ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳುವುದನ್ನೂ ನಿಲ್ಲಿಸು. ಆದರೆ ಜಾಸ್ತಿ ಹುಷಾರಾಗಿ ಐಸಿಎಂಪಿ ವಿ6 (ಐಪಿ ವಿ6ರ ದೋಷ ಮತ್ತು ನಿಯಂತ್ರಣ ಸಂದೇಶಗಳು) ಪೂರ್ತಿ ತಡೆಯಬೇಡ. ಅದನ್ನು ತಡೆದರೆ ಕೆಲವು ವೆಬ್‌ಸೈಟ್ ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ಕಾರಣ ಹುಡುಕುವಷ್ಟರಲ್ಲಿ ತಲೆ ಕೆಡುತ್ತದೆ.

ರೂಮ್‌ಮೇಟ್‌ಗೆ ಗೆಸ್ಟ್ ವೈಫೈ ಕೊಡು. ಜರ್ಮನಿಯಲ್ಲಿ ಟೊರೆಂಟ್‌ನಿಂದ ಸಿನಿಮಾ ಇಳಿಸಿದರೆ ವಕೀಲರ ಪತ್ರ ಬರುತ್ತದೆ, ದುಡ್ಡೂ ಕೇಳುತ್ತಾರೆ. ಟೊರೆಂಟ್ ಇಳಿಸುತ್ತಲೇ ಬೇರೆಯವರಿಗೆ ಹಂಚುತ್ತಲೂ ಇರುವುದೇ ಇದಕ್ಕೆ ಮೂಲ. ವೈಫೈ ಹಂಚಿಕೊಳ್ಳುವವರ ಹೊಣೆಯನ್ನು 2017ರಲ್ಲಿ ಕಾನೂನು ಸಡಿಲಿಸಿದೆ, ನಿಜ. ಆದರೂ ಸಂಪರ್ಕ ಯಾರ ಹೆಸರಲ್ಲಿದೆಯೋ ಪತ್ರ ಮೊದಲು ಅವರಿಗೇ ಬರುವುದು, ವಿವರಣೆ ಕೊಡಬೇಕಾದವರೂ ಅವರೇ. ಊರಿನಿಂದ ಬಂದ ಹುಡುಗರು ಇದು ಗೊತ್ತಿಲ್ಲದೆ ಸಿಕ್ಕಿಬೀಳುವುದನ್ನು ಕಂಡು ನನಗೆ ಬೇಸರವಾಗುತ್ತದೆ, ಮೊದಲ ವಾರದಲ್ಲೇ ರೂಮ್‌ಮೇಟ್‌ಗೆ ಹೇಳಿಬಿಡು. ಗೆಸ್ಟ್ ವೈಫೈಯಿಂದ ನಿನ್ನ ಕ್ರೋಮ್‌ಕಾಸ್ಟ್ ಅವನಿಗೆ ಕಾಣುವುದಿಲ್ಲ. ಅಂಥ ಸಾಧನಗಳನ್ನು ಹುಡುಕುವ 224.0.0.251 ವಿಳಾಸದ ಮಲ್ಟಿಕಾಸ್ಟ್ ಒಂದು ನೆಟ್‌ವರ್ಕ್ ಬಿಟ್ಟು ಇನ್ನೊಂದಕ್ಕೆ ದಾಟುವುದಿಲ್ಲ. ಹಾಗೇ ಇರಲಿ ಬಿಡು.

ಇನ್ನು ಹಾಸನದ ಕ್ಯಾಮೆರಾ. ಅಲ್ಲಿನ ರೂಟರಿನ ವ್ಯಾನ್ (ಇಂಟರ್‌ನೆಟ್ ಕಡೆಯ) ವಿಳಾಸವನ್ನು ಅಪ್ಪನ ಹತ್ತಿರ ಓದಿಸು. 100.64ರಿಂದ 100.127ರ ಒಳಗೆ ಇದ್ದರೆ ಒಂದೇ ಹೊರವಿಳಾಸವನ್ನು ಬಹಳ ಮನೆಗಳು ಹಂಚಿಕೊಂಡಿವೆ ಎಂದರ್ಥ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕವನ್ನು ಒಳಗಿನ ಸಾಧನಕ್ಕೆ ದಾಟಿಸುವುದು) ಎಷ್ಟು ಮಾಡಿದರೂ ಪ್ರಯೋಜನವಿಲ್ಲ. ಇಲ್ಲಿಂದ ಅಲ್ಲಿಗೆ ಹೋಗುವ ಬದಲು ಸಂಪರ್ಕವನ್ನು ಅಲ್ಲಿಂದ ಇಲ್ಲಿಗೆ ಬರಿಸು. ಇಲ್ಲಿ ಫ್ರಿಟ್ಸ್‌ಬಾಕ್ಸ್ ಎಂಬ ರೂಟರ್ ಇದ್ದರೆ, ಅದರ ತಂತ್ರಾಂಶ ಫ್ರಿಟ್ಸ್ ಓಎಸ್ 7.50ರಿಂದ ವೈರ್‌ಗಾರ್ಡ್ (ಎರಡು ಮನೆಯ ನೆಟ್‌ವರ್ಕ್‌ಗಳನ್ನು ಗುಪ್ತ ಸುರಂಗದಂತೆ ಜೋಡಿಸುವ ವಿಪಿಎನ್) ಅದರಲ್ಲೇ ಇದೆ. 2016ರ ಆಗಸ್ಟ್ 1ರಿಂದ ಇಲ್ಲಿ ಯಾವ ರೂಟರ್ ಬೇಕೋ ಅದನ್ನು ಗ್ರಾಹಕರೇ ಆರಿಸಬಹುದು, ಕಂಪನಿ ಬೇಡ ಅನ್ನುವಂತಿಲ್ಲ. ಹಾಸನದಲ್ಲಿ ವೈರ್‌ಗಾರ್ಡ್ ಬರುವ ರೂಟರ್ ಅಥವಾ ಒಂದು ಪುಟ್ಟ ಕಂಪ್ಯೂಟರ್ ಇಟ್ಟು, ಸಂಪರ್ಕ ಕಡಿಯದಂತೆ 25 ಸೆಕೆಂಡಿಗೊಮ್ಮೆ ಸಂಕೇತ ಕಳಿಸುತ್ತಿರುವ ಹಾಗೆ ಹೊಂದಿಸು. ಎರಡೂ ಮನೆಯ ಒಳವಿಳಾಸಗಳು ಬೇರೆ ಬೇರೆ ಇರಲೇಬೇಕು, ಫ್ರಿಟ್ಸ್‌ಬಾಕ್ಸ್‌ನದು 192.168.178ರಿಂದ ಶುರುವಾಗುವುದರಿಂದ ಘರ್ಷಣೆ ಕಡಿಮೆ. ಒಂದು ವಿಷಯ ಮೊದಲೇ ನೋಡಿಕೋ: ಇಲ್ಲಿ ಕೇಬಲ್ ಟಿವಿ ತಂತಿಯ ಇಂಟರ್‌ನೆಟ್ ಸಂಪರ್ಕವಿದ್ದರೆ ನಿನಗೂ ಸ್ವಂತ ಐಪಿ ವಿ4 (ಹಳೆಯ ಪದ್ಧತಿಯ) ವಿಳಾಸ ಇರದೇ ಹೋಗಬಹುದು. ಆಗ ಹಾಸನದ ಕಡೆಯೂ ಐಪಿ ವಿ6 ಬೇಕು. ಇಲ್ಲವೇ ಕಂಪನಿಗೆ ಬರೆದು ಸ್ವಂತ ಐಪಿ ವಿ4 ವಿಳಾಸ ಕೊಡುತ್ತಾರಾ ಕೇಳಿನೋಡು.

ಈ ಕೆಲಸಕ್ಕೆ ಶನಿವಾರ ಬೆಳಿಗ್ಗೆ ಕೂರು, ಅಲ್ಲಿ ಮಧ್ಯಾಹ್ನವಾಗಿರುತ್ತದೆ, ಅಪ್ಪ ಫೋನಿಗೆ ಸಿಗುತ್ತಾರೆ. ಶುರು ಮಾಡುವ ಮುನ್ನ ಎರಡೂ ಕಡೆಯ ಸೆಟ್ಟಿಂಗ್‌ಗಳನ್ನು ಫೈಲ್ ಆಗಿ ಉಳಿಸಿಕೋ. ಟಿವಿ ಐದು ನಿಮಿಷ ದಾಟಿ ಓಡಿತಾ, ಬರೆದು ತಿಳಿಸು.