ಟೂಲಿನ ಔಟ್‌ಪುಟ್ ಖಾಲಿ ಬಂದ್ರೆ ಎಂತ ಅರ್ಥ ಅಂತ ಮೊದಲು ಬರೀರಿ

ಕಮಾಂಡ್‌ನ ಔಟ್‌ಪುಟ್ ತಂದುಕೊಡುವ ಟೂಲಿಗೆ ವಿವರಣೆ ಬರೆದ್ರೂ ಎಐ ಏಜೆಂಟ್ (ಟೂಲ್ ಕರೆದು ತಾನೇ ಕೆಲಸ ಮಾಡುವ ಎಐ) ಆ ಟೂಲನ್ನೇ ಪುನಃ ಪುನಃ ಕರೀತದೆ, ಎಂತ ಮಾಡೋದು ಅಂತ ಕೇಳಿದ್ರಲ್ಲ, ನಮ್ಮ ಮಂಗಳೂರಿನ ಆಫೀಸಲ್ಲೂ ಇದೇ ಆಗಿತ್ತು ಮಾರಾಯ್ರೆ. ನಾವು "ಔಟ್‌ಪುಟ್ ಕೊಡ್ತದೆ" ಅಂತ ಒಂದೇ ಸಾಲು ಬರೆದದ್ದು, ಆದ್ರೆ ಟೂಲ್ ಕೊಡೋದು ಕಳೆದ ಸಲ ಓದಿದ ಮೇಲೆ ಬಂದ ಹೊಸ ಸಾಲು ಮಾತ್ರ, ಹಾಗಾಗಿ ಖಾಲಿ ಬಂದಾಗ ಕಮಾಂಡ್ ಇನ್ನೂ ಓಡ್ತಾ ಉಂಟಾ ಮುಗ್ದಿದ್ಯಾ ಅಂತ ಏಜೆಂಟಿಗೆ ಗೊತ್ತೇ ಆಗ್ತಿರಲಿಲ್ಲ ಪಾಪ. ಪ್ರತೀ ಉತ್ತರದಲ್ಲೂ ಸ್ಟೇಟಸ್ (ಓಡ್ತಾ ಉಂಟಾ ಮುಗ್ದಿದ್ಯಾ ಅಂತ), ಮುಗ್ದಿದ್ರೆ ಎಕ್ಸಿಟ್ ಕೋಡ್ (ಕಮಾಂಡ್ ಮುಗಿವಾಗ ಕೊಡುವ ನಂಬರ್, 0 ಅಂದ್ರೆ ಸರಿಯಾಗಿ ಮುಗೀತು ಅಂತ) ಕಳ್ಸಿ, ಅದರ ಅರ್ಥವನ್ನೂ ಬರೀರಿ. 0 ಅಲ್ಲದ್ದೆಲ್ಲ ಫೇಲ್ ಅಂತ ಮಾತ್ರ ಬರೀಬೇಡಿ, ಫೈಲಲ್ಲಿ ಪದ ಹುಡುಕುವ ಗ್ರೆಪ್ (grep) ಕಮಾಂಡ್‌ಗೆ ಹುಡುಕಿದ್ದು ಸಿಗದಿದ್ರೆ 1 ಕೊಡ್ತದೆ, ಅದು ಎರರ್ ಅಲ್ಲ, 2 ಬಂದ್ರೆ ಎರರ್. ಉದ್ದ ಆಯ್ತು ಅಂತ ಔಟ್‌ಪುಟ್ ಕತ್ತರಿಸಿದ್ರೆ ಎಷ್ಟು ಸಾಲು ಬಿಟ್ಟದ್ದು ಅಂತ ಅಲ್ಲೇ ಹೇಳಿ ಆಯ್ತಾ.